ರೇಸ್ ಬಿಟ್ಟು ಬಂದ ಕುದುರೆ ತಲೆ ಒದರುತ್ತಿದೆ, ಯಾವ ಕಡಿವಾಣ ಹಾಕಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಮೈಸೂರಿನ ಹೊರವಲಯದಲ್ಲಿ ಒಂದು ಕುದುರೆ ಸಾಕಿದ್ದೇನೆ. ಥರೋಬ್ರೆಡ್ ಎಂಬ ರೇಸ್ ತಳಿ, ಏಳು ವರ್ಷ, ರೇಸ್ ನಿಲ್ಲಿಸಿದ ಮೇಲೆ ನಮ್ಮಲ್ಲಿಗೆ ಬಂದದ್ದು. ನಡಿಗೆಯಲ್ಲಿ ಬಂಗಾರ. ಟ್ರಾಟ್‌ಗೆ, ಅಂದರೆ ಕುಕ್ಕೋಟಕ್ಕೆ ಬಂದರೆ ತಲೆ ಒದರುತ್ತಾನೆ, ಅದಕ್ಕಿಂತ ವೇಗದ ಕ್ಯಾಂಟರ್‌ನಲ್ಲಿ ಕೈ ಕಿತ್ತು ಬರುವಂತೆ ಎಳೆಯುತ್ತಾನೆ. ಈಗಿರುವುದು ನಡುವೆ ಒಂದೇ ಕೀಲಿನ ಸ್ನ್ಯಾಫಲ್ ಎಂಬ ಸಾದಾ ಕಡಿವಾಣ, ಅಗಲ ಐದೂವರೆ ಇಂಚು. ಲಾಯದಲ್ಲಿ ಎಲ್ಲರೂ ಪೆಲ್ಹ್ಯಾಮ್ ಎಂಬ ಬಿಗಿ ಕಡಿವಾಣ ಹಾಕಿ ಅಂತಿದ್ದಾರೆ. ಹಾಕಲಾ?

ಉತ್ತರ: ದಯವಿಟ್ಟು ಈಗ ಬೇಡ ಸರ್. ಪೆಲ್ಹ್ಯಾಮ್ ಸನ್ನೆಗೋಲಿನ ಹಾಗೆ ಕೆಲಸ ಮಾಡುತ್ತದೆ. ನೀವು ಒಂದಿಷ್ಟು ಎಳೆದರೆ ನೆತ್ತಿಯ ಮೇಲೂ ಗದ್ದದ ಕೆಳಗಿನ ಸರಪಳಿಯಲ್ಲೂ ಅದು ಹೆಚ್ಚಾಗಿ ಬೀಳುತ್ತದೆ. ಬಾಯಲ್ಲಿ ಮೊದಲೇ ನೋವಿದ್ದರೆ ಅದರ ಮೇಲೆ ಇನ್ನೊಂದು ನೋವು ಹೇರಿದಂತೆ.

ಕಡಿವಾಣ ಕೂರುವ ಜಾಗ ನೋಡಿದ್ದೀರಾ? ಮುಂದಿನ ಬಾಚಿಹಲ್ಲಿಗೂ ಹಿಂದಿನ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಅಂತರ. ಅಲ್ಲಿ ಮೂಳೆಗೆ ತೆಳು ಒಸಡಿನ ಹೊದಿಕೆಯಷ್ಟೇ, ಮೆತ್ತನೆಯದೇನೂ ಇಲ್ಲ. ಮೇಲ್ದವಡೆಯಲ್ಲಿ ಮೊದಲ ದವಡೆಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ವುಲ್ಫ್ ಟೂತ್ ಎಂಬ ಪುಟ್ಟ ಹಲ್ಲಿರುತ್ತದೆ. ಕಡಿವಾಣ ತಾಗಿದಾಗಲೆಲ್ಲ ಅದು ಚುಚ್ಚಬಹುದು. ದವಡೆಹಲ್ಲಿನ ಅಂಚು ಹರಿತವಾಗಿದ್ದರೆ ಕೆನ್ನೆಯ ಒಳಗೆ ಗಾಯವಾಗುತ್ತದೆ. ಆದ್ದರಿಂದ ಮೊದಲು ಕುದುರೆ ಹಲ್ಲು ನೋಡಿ ಅಭ್ಯಾಸವಿರುವ ಪಶುವೈದ್ಯರಿಂದ ಬಾಯಿ ತೆರೆಸಿ ನೋಡಿಸಿ, ಬೇಕಾದರೆ ಹಲ್ಲು ರಾಸ್ಪ್ ಮಾಡಿಸಿ, ಅಂದರೆ ಅರದಿಂದ ಉಜ್ಜಿ ನಯ ಮಾಡಿಸಿ.

ಆಮೇಲೆ ಅಳತೆ. ಒಂದು ಹಗ್ಗವನ್ನು ಕಡಿವಾಣದ ಜಾಗದಲ್ಲಿ ಬಾಯಿಗೆ ಅಡ್ಡ ಹಿಡಿದು, ಎರಡೂ ಕಟಬಾಯಿಯ ಹೊರಗೆ ಗುರುತು ಹಾಕಿ. ಎಷ್ಟು ಬಂತು ಇಲ್ಲಿ ಬರೆಯಿರಿ.

ಪ್ರಶ್ನೆ (ಅವರೇ, ಹತ್ತು ದಿನದ ನಂತರ): ವುಲ್ಫ್ ಟೂತ್ ಇಲ್ಲವಂತೆ. ಹಲ್ಲಿನ ಅಂಚು ಚೂಪಾಗಿತ್ತು, ರಾಸ್ಪ್ ಮಾಡಿದರು. ಅಳತೆ 12 ಸೆಂ.ಮೀ. ಬಂತು. ಎಡ ಕಟಬಾಯಿಯಲ್ಲಿ ಹಳೆಯ ಗಾಯದ ಗುರುತೂ ಇದೆ.

ಉತ್ತರ: ಅಲ್ಲೇ ಸಿಕ್ಕಿತು ನೋಡಿ. ಐದೂವರೆ ಇಂಚು ಅಂದರೆ ಸುಮಾರು 14 ಸೆಂ.ಮೀ. ನಿಮ್ಮವನಿಗೆ ಎರಡು ಸೆಂ.ಮೀ. ಹೆಚ್ಚಾಯಿತು. ಒಂದು ಲಗಾಮು ಎಳೆದಾಗ ಕಡಿವಾಣ ಪಕ್ಕಕ್ಕೆ ಸರಿಯುತ್ತದೆ, ಕೀಲು ನಡುವಿನಲ್ಲಿ ನಿಲ್ಲುವುದಿಲ್ಲ, ಮಡಚಿಕೊಂಡು ಅಂಗುಳಕ್ಕೂ ತಾಗಬಹುದು. ಅವನು ತಲೆ ಒದರದೆ ಇನ್ನೇನು ಮಾಡಿಯಾನು ಪಾಪ!

ಐದು ಇಂಚಿನದು ತನ್ನಿ. ಪಕ್ಕದ ಬಳೆ ತಿರುಗುವ ಲೂಸ್ ರಿಂಗ್‌ಗಿಂತ ಬಳೆ ಹಾಗೆ ತಿರುಗದ ಎಗ್‌ಬಟ್ ಇರಲಿ, ಆ ಕಟಬಾಯಿ ಚಿವುಟಿಕೊಳ್ಳುವುದಿಲ್ಲ. ನಡುವೆ ಎರಡು ಕೀಲು, ಅವುಗಳ ಮಧ್ಯೆ ನುಣುಪಾದ ಗುಂಡು ತುಂಡು ಇರುವುದನ್ನು ನಾನು ಆರಿಸುತ್ತೇನೆ, ನಾಲಿಗೆಯ ಮೇಲೆ ಅದು ಸಮವಾಗಿ ಕೂರುತ್ತದೆ. ದಪ್ಪಗಿದ್ದಷ್ಟೂ ಮೃದು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಆದರೆ ಬಾಯಿ ಮುಚ್ಚಿದಾಗ ನಾಲಿಗೆಯೇ ಜಾಗವನ್ನೆಲ್ಲ ತುಂಬಿರುತ್ತದೆ, ದಪ್ಪ ಕಬ್ಬಿಣಕ್ಕೆ ಎಡೆ ಎಲ್ಲಿ? 14ರಿಂದ 16 ಮಿ.ಮೀ. ಸಾಕು. ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ (ಎಫ್‌ಇಐ) ಡ್ರೆಸಾಜ್ ಸ್ಪರ್ಧೆಯ ನಿಯಮದಲ್ಲೂ ಕುದುರೆಯ ಸ್ನ್ಯಾಫಲ್‌ಗೆ ಕನಿಷ್ಠ ದಪ್ಪ 14 ಮಿ.ಮೀ.

ಮೂಗುಪಟ್ಟಿಯ ಕೆಳಗೆ, ಮೂಗಿನ ಮೂಳೆಯ ಮೇಲೆ, ಎರಡು ಬೆರಳು ಸಲೀಸಾಗಿ ಹೋಗಬೇಕು.

ಇನ್ನು ಎಳೆಯುವ ವಿಷಯ. ಜಾಕಿ ಲಗಾಮು ಬಿಗಿ ಹಿಡಿದಷ್ಟೂ ಅದಕ್ಕೆ ಒರಗಿಕೊಂಡು ಓಡುವುದನ್ನೇ ಅವನು ಕಲಿತು ಬಂದಿದ್ದಾನೆ. ನೀವು ನಿಲ್ಲಿಸಲು ಎಳೆಯುತ್ತೀರಿ, ಅವನಿಗೆ ಅದು ಓಡು ಎಂದು ಕೇಳಿಸುತ್ತದೆ. ಒಂದು ಕ್ಷಣ ಹಿಡಿದು ತಕ್ಷಣ ಸಡಿಲ ಬಿಡಿ, ಎಳೆದಾಟಕ್ಕೆ ಅವನಿಗೆ ಆಸರೆ ಕೊಡಬೇಡಿ. ದೊಡ್ಡ ವೃತ್ತದಲ್ಲಿ, ಟ್ರಾಟ್‌ನಲ್ಲೇ ಕೆಲವು ವಾರ ಕಳೆಯಿರಿ. ಕ್ಯಾಂಟರ್ ಆಮೇಲೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾವು ಕೊಂಡ ಮಾರವಾಡಿ ಕುದುರೆಯ ಜೊತೆ ಮುಳ್ಳಿನ ಕಡಿವಾಣ ಕೊಟ್ಟಿದ್ದಾರೆ. ನಾಲಿಗೆಯಲ್ಲಿ ಗಾಯವಿದೆ. ಅದಿಲ್ಲದೆ ಮಾತು ಕೇಳಲ್ಲ ಅಂತಾರೆ.

ಉತ್ತರ: ಅದನ್ನು ಇವತ್ತೇ ಬಿಚ್ಚಿಡಿ. 1965ರ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ನಿಯಮಗಳ 8ನೇ ನಿಯಮ ಮುಳ್ಳಿನ ಕಡಿವಾಣವನ್ನು ನಿಷೇಧಿಸಿದೆ, ಸವಾರಿಗೂ ಅದು ಅನ್ವಯಿಸುತ್ತದೆ. ಗಾಯವನ್ನು ವೈದ್ಯರಿಗೆ ತೋರಿಸಿ. ಮಾಯುವವರೆಗೆ ಬಾಯಿಗೆ ಏನೂ ಹಾಕದೆ ಹಾಲ್ಟರ್‌ನಲ್ಲಿ ನಡೆಸಿ, ಸವಾರಿ ಬೇಡ. ನಿಲ್ಲುವುದು, ಹಿಂದೆ ಸರಿಯುವುದು, ತಿರುಗುವುದು, ಇವನ್ನೆಲ್ಲ ನೆಲದ ಮೇಲೆ ನಿಂತೇ ಕಲಿಸಬಹುದು. ಗಾಯ ಮಾಯ್ದ ಮೇಲೆ ಬಾಯಿಯ ಅಳತೆ ಕಳಿಸಿ, ನುಣುಪಾದ ಕಡಿವಾಣ ಯಾವುದೆಂದು ಹೇಳುತ್ತೇನೆ.