ಮುಂಬಾಗಿಲು ಹೊಸ್ತಿಲಿಗೆ ಉಜ್ಜುತ್ತಿದೆ, ಹತ್ತರಿ ಹೊಡೆಸಬೇಕೇ?

ಪ್ರಶ್ನೆ:
ಸಾಗರದ ಕಡೆ ಮನೆ. ಹೊನ್ನೆ ಮರದ ಒಂಟಿ ಬಾಗಿಲು, 7 ಅಡಿ ಎತ್ತರ, 3½ ಅಡಿ ಅಗಲ, 38 ಮಿ.ಮೀ. ದಪ್ಪ, 4 ಇಂಚಿನ ಮೂರು ಹಿಂಜ್. ಮಳೆ ಶುರುವಾದಾಗಿನಿಂದ ಚಿಲಕದ ಕಡೆಯ ಕೆಳಮೂಲೆ ಹೊಸ್ತಿಲಿಗೆ ಉಜ್ಜುತ್ತಿದೆ. ಮರ ಉಬ್ಬಿದೆ, ಕೆಳಗೆ ಹತ್ತರಿ ಹೊಡೆದು ತುಸು ಹೆರೆದರೆ ಸಾಕು ಅನ್ನುತ್ತಾರೆ ಬಡಗಿ. ಹೊಡೆಸಲೇ?

ಉತ್ತರ 1:
ದಯವಿಟ್ಟು ಬೇಡ. ಮರ ಉಬ್ಬುವುದು ಅಡ್ಡಕ್ಕೆ, ಉದ್ದಕ್ಕಲ್ಲ. ಮಳೆಗಾಲದ ಉಬ್ಬಾದರೆ ಚಿಲಕದ ಪಕ್ಕದ ಉದ್ದಕ್ಕೂ ಬಿಗಿಯಾಗಬೇಕಿತ್ತು. ಕೆಳಮೂಲೆ ಮಾತ್ರ ಉಜ್ಜಿದರೆ ಬಾಗಿಲು ಜೋತಿದೆ ಎಂದರ್ಥ. ಮೇಲಿನ ಹಿಂಜ್ ಪಕ್ಕದ ಸಂದು ಅಗಲವಾಗಿದೆಯೇ ನೋಡಿ. ಈಗ ಕೆತ್ತಿಸಿ ಆಮೇಲೆ ಹಿಂಜ್ ಸರಿಮಾಡಿದರೆ ಕೆಳಗೆ ಸಂದು ಉಳಿದೇಬಿಡುತ್ತದೆ, ನಿಮ್ಮ ಕಡೆ ಚೇಳು ನುಗ್ಗಲು ಅಷ್ಟು ಸಾಕು.

ಬಾಗಿಲು ಅರ್ಧ ತೆರೆದು ಹಿಡಿಯಿಂದ ಮೇಲಕ್ಕೆತ್ತಿ. ಹಿಂಜ್‌ನ ಪಟ್ಟಿ ಮರದಿಂದ ಕದಲಿದರೆ ಸ್ಕ್ರೂ ಸಡಿಲ. ಪಟ್ಟಿ ಗಟ್ಟಿಯಿದ್ದು ನಡುವಿನ ಕಡ್ಡಿ ಆಡಿದರೆ ಹಿಂಜೇ ಸವೆದಿದೆ, ಮೂರನ್ನೂ ಬದಲಿಸಿ.

ಪ್ರಶ್ನೆ ಕೇಳಿದವರು:
ಮೇಲಿನ ಹಿಂಜ್‌ನ ಚೌಕಟ್ಟಿನ ಕಡೆ ಎರಡು ಸ್ಕ್ರೂ ಸುಮ್ಮನೆ ತಿರುಗುತ್ತವೆ. ದಪ್ಪ ಸ್ಕ್ರೂ ಹಾಕಲೇ?

ಉತ್ತರ 1:
ದಪ್ಪದ್ದರ ತಲೆ ಹಿಂಜ್‌ನ ಗುಳಿಯಲ್ಲಿ ಕೂರದೆ ಎದ್ದು ನಿಲ್ಲುತ್ತದೆ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಬೆಂಕಿಕಡ್ಡಿ ತುರುಕುವುದೂ ಈ ಭಾರಕ್ಕೆ ಹೆಚ್ಚು ದಿನ ಬಾಳದು. ಚಿಲಕದ ಕಡೆ ಬಾಗಿಲಿನ ಕೆಳಗೆ ಎರಡು ಬೆಣೆ ಕೊಟ್ಟು ಭಾರ ಹೊರಿಸಿ, ಆ ಒಂದು ಹಿಂಜ್ ಮಾತ್ರ ಬಿಚ್ಚಿ. ಹಾಳಾದ ತೂತನ್ನು 10 ಮಿ.ಮೀ. ಬಿಟ್‌ನಿಂದ 40 ಮಿ.ಮೀ. ಆಳ ಕೊರೆದು, ತೇಗದ ಗೂಟಕ್ಕೆ ಮರದ ಅಂಟು ಬಳಿದು ಬಡಿದು, ಮೇಲ್ಮೈಗೆ ಸಮ ಕತ್ತರಿಸಿ. 24 ಗಂಟೆ ಮುಟ್ಟಬೇಡಿ. ಆಮೇಲೆ 3 ಮಿ.ಮೀ. ತೂತು ಕೊರೆದು 10 ನಂಬರಿನ 2 ಇಂಚಿನ ಸ್ಟೀಲ್ ಸ್ಕ್ರೂ ಹಾಕಿ. ಹಿತ್ತಾಳೆಯದೇ ಬೇಕಿದ್ದರೆ ಮೊದಲು ಸ್ಟೀಲಿನದನ್ನು ತಿರುಗಿಸಿ ದಾರಿ ಮಾಡಿ, ಇಲ್ಲದಿದ್ದರೆ ಗಟ್ಟಿ ಮರದಲ್ಲಿ ಸ್ಕ್ರೂ ತಲೆ ಮುರಿಯಬಹುದು.

ಉತ್ತರ 2:
ಇಷ್ಟಾದ ಮೇಲೂ ತುಸು ತಾಗಿದರೆ ಕೆಳಗಿನ ಹಿಂಜ್‌ನ ಹಿಂದೆ 1 ಮಿ.ಮೀ. ರಟ್ಟು ಕೊಡಿ. ಈ ಅಳತೆಯ ಬಾಗಿಲಲ್ಲಿ ಮೂಲೆ ಸುಮಾರು 0.6 ಮಿ.ಮೀ. ಏಳುತ್ತದೆ. ನಡುವಿನ ಹಿಂಜ್‌ಗೂ ಅದರರ್ಧ ದಪ್ಪದ್ದು ಬೇಕು, ಮೂರೂ ಕಡ್ಡಿ ಒಂದೇ ಗೆರೆಯಲ್ಲಿಲ್ಲದಿದ್ದರೆ ಹಿಂಜ್ ಎಳೆದಾಡಿ ಸ್ಕ್ರೂ ಮತ್ತೆ ಸಡಿಲವಾಗುತ್ತದೆ. 2 ಮಿ.ಮೀ. ಮೀರಿ ರಟ್ಟು ಬೇಡ, ಬಾಗಿಲಿನ ಕೆಳಭಾಗ ಚಿಲಕದ ಕಡೆಯ ಚೌಕಟ್ಟಿಗೆ ಒತ್ತುತ್ತದೆ.

ಬಾಗಿಲಿನ ಅಡಿಯ ಅಂಚಿಗೆ ಪಾಲಿಶ್ ಇದೆಯೇ? ಕನ್ನಡಿ ಇಟ್ಟು ನೋಡಿ. ಬರೀ ಮರವಿದ್ದರೆ ಫೆಬ್ರವರಿ ಹೊತ್ತಿಗೆ, ಮರ ಒಣಗಿದ ಮೇಲೆ, ಬಾಗಿಲು ಇಳಿಸಿ ಎರಡು ಕೋಟ್ ಹೊಡೆಸಿ.