ಇಮೇಲ್ ತಂತ್ರಾಂಶದೊಡನೆ ಹೊಂದಿಕೊಳ್ಳುವ ಸಂಪರ್ಕ ನಿರ್ವಹಣಾ ತಂತ್ರಾಂಶ: ಏನನ್ನು ನೋಡಿ ಆರಿಸಬೇಕು?

ಅಂಚೆಪೆಟ್ಟಿಗೆ (ಪ್ರಶ್ನೆ)

ನಮಸ್ಕಾರ. ನಾವು ಮೂವರು ಸೇರಿ ಅನುವಾದದ ಕೆಲಸ ನಡೆಸುತ್ತಿದ್ದೇವೆ. ಗ್ರಾಹಕರು, ಮುದ್ರಕರು, ಹೊರಗಿನಿಂದ ಕೆಲಸ ಮಾಡಿಕೊಡುವವರು ಎಲ್ಲ ಸೇರಿ ಸುಮಾರು 600 ವಿಳಾಸಗಳಿದ್ದು, ಅವು ಸದ್ಯ ಮೂರು ಕಂಪ್ಯೂಟರುಗಳು, ಎರಡು ಫೋನುಗಳು ಮತ್ತು ಒಂದು ಎಕ್ಸೆಲ್ ಕಡತದಲ್ಲಿ ಚದುರಿಹೋಗಿವೆ. ನಾನು ವಿಂಡೋಸ್‌ನಲ್ಲಿ ಹಳೆಯ ಮಾದರಿಯ ಔಟ್‌ಲುಕ್ ಬಳಸುತ್ತೇನೆ. ಉಳಿದಿಬ್ಬರು ಥಂಡರ್‌ಬರ್ಡ್ ಬಿಡಲು ಒಪ್ಪುವುದಿಲ್ಲ. ಮೇಲ್ ಖಾತೆಗಳು ಐಮ್ಯಾಪ್ (ಪತ್ರಗಳನ್ನು ಸರ್ವರಿನಲ್ಲಿಟ್ಟು ಎಲ್ಲ ಕಂಪ್ಯೂಟರುಗಳಲ್ಲೂ ತೋರಿಸುವ ವಿಧಾನ) ಮೂಲಕ ನಡೆಯುತ್ತವೆ.

ನಮಗೆ ಬೇಕಾಗಿರುವುದು ಇಷ್ಟೇ. ಒಬ್ಬರ ವಿಳಾಸವನ್ನು ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತಾಗಬೇಕು. ಗ್ರಾಹಕರೊಬ್ಬರ ಹೆಸರನ್ನು ತೆರೆದರೆ ನಮ್ಮಲ್ಲಿ ಯಾರು, ಯಾವಾಗ, ಏನು ಬರೆದಿದ್ದೇವೆ ಎಂಬುದು ಕಾಣಬೇಕು. ನೋಡಿದ ಪ್ರತಿಯೊಂದು ತಂತ್ರಾಂಶವೂ "ನಿಮ್ಮ ಇಮೇಲ್ ಜೊತೆ ಹೊಂದಿಕೊಳ್ಳುತ್ತದೆ" ಎಂದೇ ಹೇಳಿಕೊಳ್ಳುತ್ತಿರುವುದರಿಂದ, ಯಾವುದನ್ನು ನಂಬಬೇಕೆಂದು ತಿಳಿಯದೆ ಇಲ್ಲಿ ಕೇಳುತ್ತಿದ್ದೇನೆ.

ನಿಧಾನಿ

"ಹೊಂದಿಕೊಳ್ಳುತ್ತದೆ" ಎಂಬ ಒಂದು ಮಾತಿನಲ್ಲಿ ಬೇರೆ ಬೇರೆ ಮೂರು ಕೆಲಸಗಳು ಅಡಗಿವೆ. ಮೊದಲನೆಯದು, ವಿಳಾಸಪಟ್ಟಿ ಎಲ್ಲ ಕಡೆ ಒಂದೇ ಆಗಿರುವುದು. ಎರಡನೆಯದು, ಹೋದ ಬಂದ ಪತ್ರಗಳು ಆಯಾ ವ್ಯಕ್ತಿಯ ಹೆಸರಿನಡಿ ದಾಖಲಾಗುವುದು. ಮೂರನೆಯದು, ಮೇಲ್ ತಂತ್ರಾಂಶದ ಕಿಟಕಿಯೊಳಗೇ ಆ ವ್ಯಕ್ತಿಯ ವಿವರ ಕಾಣುವುದು. ಮೂರನೆಯದನ್ನು ಮಾತ್ರ ಮಾಡುವ ತಂತ್ರಾಂಶವೂ ಅದೇ ಮಾತನ್ನು ಹೇಳಿಕೊಳ್ಳಬಹುದು. ನೀವು ಕೇಳಿರುವುದು ಮೊದಲ ಎರಡನ್ನು, ಆದ್ದರಿಂದ ಅವೆರಡನ್ನೂ ಬಿಡಿಸಿ ನೋಡುವುದು ಒಳ್ಳೆಯದು.

ಐಮ್ಯಾಪ್ ಸಾಗಿಸುವುದು ಪತ್ರಗಳನ್ನು ಮಾತ್ರ. ವಿಳಾಸಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಮೇಲ್ ಮೂರೂ ಕಂಪ್ಯೂಟರುಗಳಲ್ಲಿ ಸರಿಯಾಗಿ ಕಾಣುತ್ತಿರುವಾಗ ವಿಳಾಸಗಳು ಮಾತ್ರ ಯಾಕೆ ಚದುರಿವೆ ಎಂದು ಅನೇಕರು ತಲೆ ಕೆಡಿಸಿಕೊಳ್ಳುವುದು ಇದನ್ನು ತಿಳಿಯದೆ. ವಿಳಾಸಗಳಿಗೆಂದೇ ಇರುವ ಮುಕ್ತ ಮಾನಕ ಕಾರ್ಡ್‌ಡ್ಯಾವ್. ಅದು 2011ರಲ್ಲಿ ಆರ್‌ಎಫ್‌ಸಿ 6352 ಎಂಬ ಅಂತರಜಾಲ ಮಾನಕ ದಾಖಲೆಯಾಗಿ ಪ್ರಕಟವಾಯಿತು. ಥಂಡರ್‌ಬರ್ಡ್ 2021ರ 91ನೇ ಆವೃತ್ತಿಯಿಂದ ಇದನ್ನು ತಾನೇ ಅರ್ಥಮಾಡಿಕೊಳ್ಳುತ್ತದೆ. ನಿಮ್ಮ ಔಟ್‌ಲುಕ್‌ಗೆ ಆ ಸಾಮರ್ಥ್ಯ ಹುಟ್ಟಿನಿಂದ ಬಂದದ್ದಲ್ಲ, ಒಂದು ಆ್ಯಡ್-ಇನ್ (ಸೇರ್ಪಡೆ ತಂತ್ರಾಂಶ) ಹಾಕಿಕೊಳ್ಳಬೇಕಾಗುತ್ತದೆ. ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್ ಎಂಬ ಮುಕ್ತ ಆಕರದ ಆ್ಯಡ್-ಇನ್ ಈ ಕೆಲಸಕ್ಕೆ ಬರುತ್ತದೆ. ಆದರೆ ಒಂದು ಎಚ್ಚರಿಕೆ: ಹೊಸ ಮಾದರಿಯ ಔಟ್‌ಲುಕ್ ಇಂಥ ಹಳೆಯ ಕಾಮ್ (COM) ಮಾದರಿಯ ಆ್ಯಡ್-ಇನ್‌ಗಳನ್ನು ಸ್ವೀಕರಿಸುವುದಿಲ್ಲ. ಯಾವ ತಂತ್ರಾಂಶ "ಔಟ್‌ಲುಕ್ ಜೊತೆ ನಡೆಯುತ್ತದೆ" ಎಂದರೂ, ಯಾವ ಔಟ್‌ಲುಕ್ ಎಂದು ಮರುಪ್ರಶ್ನೆ ಹಾಕದೆ ಹಣ ಕೊಡಬೇಡಿ.

ಹಳೆಯ ಕಡತ

ನಿಧಾನಿಯವರ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಾನು ಕೊಂಡ ತಂತ್ರಾಂಶದಲ್ಲಿ (ಹೆಸರು ಬೇಡ) ಮೊದಲ ದಿನವೇ ಎರಡೂ ದಿಕ್ಕಿನ ಸಿಂಕ್ (ಎರಡು ಕಡೆಯ ಪಟ್ಟಿಗಳನ್ನು ತಾನಾಗಿ ಒಂದೇ ಆಗಿರಿಸುವುದು) ಚಾಲೂ ಮಾಡಿದೆ. ಫೋನಿನಲ್ಲಿ ಮೊದಲೇ ಇದ್ದ ಹೆಸರುಗಳನ್ನೂ ನಾನು ಸಿಎಸ್‌ವಿ (ಎಕ್ಸೆಲ್ ಮುಂತಾದವು ಓದುವ ಸರಳ ಪಟ್ಟಿಯ ರೂಪ) ಕಡತದಿಂದ ತುಂಬಿದ ಹೆಸರುಗಳನ್ನೂ ಅದು ಬೇರೆ ಬೇರೆ ಜನರೆಂದೇ ತಿಳಿದು ಎಲ್ಲವನ್ನೂ ಎರಡೆರಡು ಮಾಡಿತು. ಅಳಿಸಲು ಹೊರಟರೆ ಫೋನಿನಿಂದಲೂ ಅಳಿಸಿಹೋಯಿತು. ಸಿಂಕ್ ಮಾಡುವ ತಂತ್ರಾಂಶಗಳು ಪ್ರತಿ ನಮೂದನ್ನೂ ಅದರ ಒಳಗಿನ ಗುರುತಿನ ಸಂಖ್ಯೆಯಿಂದ ಗುರುತಿಸುತ್ತವೆ, ಹೆಸರಿನಿಂದಲ್ಲ. ಸಿಎಸ್‌ವಿ ಕಡತದಲ್ಲಿ ಸಾಮಾನ್ಯವಾಗಿ ಆ ಗುರುತು ಇರುವುದೇ ಇಲ್ಲ.

ಆದ್ದರಿಂದ ಮೊದಲು ಎಲ್ಲ ಪಟ್ಟಿಗಳನ್ನೂ ಒಂದೇ ಕಡೆ ಸೇರಿಸಿ, ಜೋಡಿ ನಮೂದುಗಳನ್ನು ತೆಗೆದು, ಅದನ್ನೇ ಮೂಲಪ್ರತಿ ಎಂದು ಮೂವರೂ ಒಪ್ಪಿಕೊಳ್ಳಿ. ಉಳಿದ ಕಡೆಯ ಪಟ್ಟಿಗಳ ನಕಲನ್ನು ತೆಗೆದಿಟ್ಟು, ಅವುಗಳನ್ನು ಖಾಲಿ ಮಾಡಿ, ಬಳಿಕ ಸಿಂಕ್ ಆರಂಭಿಸಿ. ಬೇಸರದ ಕೆಲಸ, ನಿಜ. ಆದರೆ ಈ ಬೇಸರವನ್ನು ತಪ್ಪಿಸುವ ತಂತ್ರಾಂಶ ನನಗೆ ಇದುವರೆಗೆ ಸಿಕ್ಕಿಲ್ಲ.

ಅಂಚೆಪೆಟ್ಟಿಗೆ

ಇಬ್ಬರಿಗೂ ಧನ್ಯವಾದಗಳು. ನಮ್ಮ ಮೇಲ್ ಸೇವೆಯವರ ಬಳಿ ವಿಚಾರಿಸಿದೆ; ಕಾರ್ಡ್‌ಡ್ಯಾವ್ ಸೌಲಭ್ಯ ಖಾತೆಯ ಜೊತೆಗೇ ಇದೆಯಂತೆ, ನಾವು ಬಳಸಿರಲಿಲ್ಲ ಅಷ್ಟೇ. ಹಾಗಾದರೆ ಮೊದಲ ಅಗತ್ಯ ಹೆಚ್ಚು ಖರ್ಚಿಲ್ಲದೆ ತೀರುತ್ತದೆ. ಎರಡನೆಯದಕ್ಕೆ, ಎಂದರೆ ಪತ್ರವ್ಯವಹಾರದ ದಾಖಲೆಗೆ, ಸಿಆರ್‌ಎಂ (ಗ್ರಾಹಕ ಸಂಬಂಧ ನಿರ್ವಹಣೆ) ತಂತ್ರಾಂಶವನ್ನು ಕೊಳ್ಳಲೇಬೇಕೆ?

ಒಳಪುಟ

ದಾಖಲೆಗೆ ಎರಡು ದಾರಿಗಳಿವೆ. ಒಂದರಲ್ಲಿ, ತಂತ್ರಾಂಶಕ್ಕೆ ನಿಮ್ಮ ಅಂಚೆಪೆಟ್ಟಿಗೆಯ ಕೀಲಿಯನ್ನೇ ಕೊಡುತ್ತೀರಿ. ಅದು ಎಲ್ಲ ಪತ್ರಗಳನ್ನೂ ಓದಿ, ವಿಳಾಸ ನೋಡಿ ತಾನೇ ಹಂಚುತ್ತದೆ. ಇನ್ನೊಂದರಲ್ಲಿ, ತಂತ್ರಾಂಶ ನಿಮಗೊಂದು ವಿಶೇಷ ವಿಳಾಸ ಕೊಡುತ್ತದೆ. ದಾಖಲಾಗಬೇಕಾದ ಪತ್ರಕ್ಕೆ ಮಾತ್ರ ಅದನ್ನು ಬಿಸಿಸಿಯಲ್ಲಿ (ಉಳಿದವರಿಗೆ ಕಾಣದಂತೆ ಪ್ರತಿ ಕಳಿಸುವ ಸಾಲಿನಲ್ಲಿ) ಸೇರಿಸುತ್ತೀರಿ. ಎರಡನೆಯದು ಯಾವ ಮೇಲ್ ತಂತ್ರಾಂಶದಲ್ಲಾದರೂ ನಡೆಯುವುದರಿಂದ ನಿಮ್ಮಂಥ ಮಿಶ್ರ ಕಚೇರಿಗೆ ಇದೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಇದರ ಕೊರತೆ ಏನೆಂದರೆ, ಹೊರಹೋಗುವ ಪತ್ರ ಮಾತ್ರ ತಾನಾಗಿ ಸೇರುತ್ತದೆ. ಬಂದ ಉತ್ತರವನ್ನು ನೀವೇ ಆ ವಿಳಾಸಕ್ಕೆ ಫಾರ್ವರ್ಡ್ ಮಾಡಬೇಕು, ಅದೂ ಕೆಲವೊಮ್ಮೆ ತಪ್ಪು ವ್ಯಕ್ತಿಯ ಹೆಸರಿಗೆ ಸೇರುತ್ತದೆ. ಪರೀಕ್ಷಾ ಅವಧಿಯಲ್ಲಿ ಇದನ್ನೇ ಮೊದಲು ಪರೀಕ್ಷಿಸಿ.

ಹಣ ಕೊಡುವ ಮುನ್ನ ಹೊರಬರುವ ದಾರಿಯನ್ನೂ ನೋಡಿರಿ. ಔಟ್‌ಲುಕ್‌ನದೇ ಜೊತೆಗಾರನಾಗಿದ್ದ ಬಿಸಿನೆಸ್ ಕಾಂಟ್ಯಾಕ್ಟ್ ಮ್ಯಾನೇಜರ್ ತನ್ನ ಮಾಹಿತಿಯನ್ನು ಪ್ರತ್ಯೇಕ ದತ್ತಸಂಚಯದಲ್ಲಿ ಇಡುತ್ತಿತ್ತು. ಔಟ್‌ಲುಕ್ 2016 ಬಂದಾಗ ಅದು ಜೊತೆಗೆ ಬರಲಿಲ್ಲ. ಮೇಲ್ ತಂತ್ರಾಂಶ ಹೊಸದಾದಾಗ ಅದಕ್ಕೆ ಅಂಟಿಕೊಂಡದ್ದು ಉದುರುವ ಅಪಾಯ ದೊಡ್ಡ ಹೆಸರಿನಿಂದ ತಪ್ಪುವುದಿಲ್ಲ. ವಿಳಾಸಗಳನ್ನು ವಿಕಾರ್ಡ್ (ವಿಳಾಸಗಳನ್ನು ಸಾಗಿಸುವ ಮಾನಕ ಕಡತ) ರೂಪದಲ್ಲಿ, ಟಿಪ್ಪಣಿಗಳನ್ನೂ ಪತ್ರಗಳನ್ನೂ ಓದಲು ಬರುವ ಯಾವುದಾದರೂ ರೂಪದಲ್ಲಿ ಹೊರತೆಗೆಯಲು ಬರಬೇಕು. ವಿಕಾರ್ಡ್‌ನ 4.0 ಆವೃತ್ತಿ ಕಡ್ಡಾಯವಾಗಿ ಯುಟಿಎಫ್-8ರಲ್ಲಿ (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಬರೆದಿಡುವ ಸಂಕೇತ ಪದ್ಧತಿಯಲ್ಲಿ) ಇರುತ್ತದೆ, 2.1 ಹಾಗಲ್ಲವಾದ್ದರಿಂದ ಕನ್ನಡದಲ್ಲಿ ಬರೆದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರುವುದುಂಟು. ಹತ್ತು ಹೆಸರುಗಳನ್ನು, ಅವುಗಳಲ್ಲಿ ಕೆಲವನ್ನು ಕನ್ನಡದಲ್ಲೇ ಬರೆದು, ಒಳಹಾಕಿ ಹೊರತೆಗೆದು ನೋಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಅಂಚೆಪೆಟ್ಟಿಗೆ

ಹಾಗೆಯೇ ಮಾಡುತ್ತೇವೆ. ಈ ತಿಂಗಳು ಮೂಲಪ್ರತಿ ಸಿದ್ಧಮಾಡಿ ಕಾರ್ಡ್‌ಡ್ಯಾವ್‌ಗೆ ಸೇರಿಸುತ್ತೇವೆ. ಬಿಸಿಸಿ ವಿಧಾನವನ್ನು ನಾನೊಬ್ಬನೇ ಐದು ಗ್ರಾಹಕರ ಮಟ್ಟಿಗೆ ನಡೆಸಿ ನೋಡುತ್ತೇನೆ.

ಹಳೆಯ ಕಡತ

ಒಂದು ಮಾತು ಬಿಟ್ಟುಹೋಗಿತ್ತು. "ಅನುವಾದಕರು", "ಮುದ್ರಕರು" ಎಂಬ ಗುಂಪುಗಳನ್ನು ಮಾಡಿಟ್ಟಿದ್ದರೆ ಅವು ಸಿಎಸ್‌ವಿಯಲ್ಲಿ ಬಾರದೆ ಹೋಗಬಹುದು. ಪಟ್ಟಿಯನ್ನು ಹೊರತೆಗೆಯುವ ಮೊದಲೇ ಗುಂಪಿನ ಹೆಸರನ್ನು ಪ್ರತಿಯೊಬ್ಬರ ಟಿಪ್ಪಣಿಯ ಅಂಕಣದಲ್ಲಿ ಬರೆದಿಟ್ಟುಕೊಳ್ಳಿ. ನಾನು ಹಾಗೆ ಮಾಡದೆ ಎಲ್ಲ ಗುಂಪುಗಳನ್ನೂ ನೆನಪಿನಿಂದ ಮತ್ತೆ ಕಟ್ಟಬೇಕಾಯಿತು.