‘ಸಂಘರ್ಷ’, ‘ಹಾವಳಿ’, ‘ಸಹಬಾಳ್ವೆ’: ಆನೆ ವಿಷಯಕ್ಕೆ ಬೋರ್ಡಲ್ಲಿ ಯಾವ ಪದ ಬರೀಲಿ?

ಎಲ್ರಿಗೂ ನಮಸ್ಕಾರ. ನಾಲ್ಕು ದಿನದಿಂದ ಒಂದು ಪದ ಸಿಗದೆ ಒದ್ದಾಡ್ತಿದೀನಿ, ತಿಳಿದೋರು ಸ್ವಲ್ಪ ಸಹಾಯ ಮಾಡಿ.

ನಮ್ದು ಕೊಡಗಿನ ಸಿದ್ದಾಪುರದ ಹತ್ರ, ಕಾಫಿ ತೋಟ. ನಮ್ಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯಿಂದ ಬಸ್‌ಸ್ಟ್ಯಾಂಡಲ್ಲಿ ಒಂದು ಬೋರ್ಡ್ ಹಾಕಿಸ್ತಾರಂತೆ, ಕನ್ನಡ ನೀನೇ ನೋಡ್ಕೊಡು ಅಂತ ನಂಗೆ ಕೊಟ್ರು. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳೆಲ್ಲ ಕೂತು ಜೀವವೈವಿಧ್ಯ ಉಳಿಸೋಕೆ 23 ಗುರಿ ಇಟ್ಕೊಂಡ್ರಲ್ಲ, ಅದ್ರಲ್ಲಿ 4ನೇ ಗುರಿಯ ಕೊನೆ ಭಾಗ ನಮ್ಮೂರಿಗೇ ಬರೆದ ಹಾಗಿದೆ. ಯಾರೋ ಅದನ್ನ ಕನ್ನಡ ಮಾಡಿ ಕಳ್ಸಿದ್ರು: “ಮಾನವ-ವನ್ಯಜೀವಿ ಸಂಘರ್ಷವನ್ನು ಕನಿಷ್ಠಗೊಳಿಸಿ ಸಹಬಾಳ್ವೆಯನ್ನು ಸಾಧಿಸುವುದು.”

ಇದನ್ನ ನಮ್ಮ ತೋಟಕ್ಕೆ ಕೆಲ್ಸಕ್ಕೆ ಬರೋ ಒಬ್ರಿಗೆ ಓದಿ ಹೇಳ್ದೆ. ತೋಟದ ಕೆಲ್ಸದೋರು ಇರೋ ಲೈನ್‌ಮನೆಯಿಂದ ಬೆಳಿಗ್ಗೆ ಮಂಜಲ್ಲಿ ಗಿಡಗಳ ಮಧ್ಯೆ ನಡ್ಕೊಂಡು ಬರೋರು ಅವ್ರು, ಎದುರಿಗೆ ಹತ್ತಡಿ ದೂರದಲ್ಲಿ ಆನೆ ನಿಂತಿದ್ರೂ ಗೊತ್ತಾಗಲ್ಲ. ಅವ್ರು ಕೇಳಿದ್ದು ಒಂದೇ ಮಾತು, “ಸಹಬಾಳ್ವೆ ಅಂದ್ರೆ ಅದ್ಕೂ ನಮ್ಗೂ ಒಂದೇ ಮನೇನಾ ಅಕ್ಕ?”

ಅಲ್ಲಿಂದ ಆ ಪದ ನಂಗೆ ಬರೆಯೋಕೇ ಆಗ್ತಿಲ್ಲ. ಸಹಬಾಳ್ವೆ ಅಂದ್ರೆ ಕೂಡಿ ಬಾಳೋದು, ನಾವು ಅದನ್ನ ಜಾತಿ ಧರ್ಮದ ವಿಷಯಕ್ಕೆ, ದೇಶ ದೇಶಗಳ ವಿಷಯಕ್ಕೆ ಬಳಸಿ ಬಳಸಿ ರೂಢಿಯಾಗಿದೆ, ಎರಡೂ ಕಡೆಯೋರು ಮಾತಾಡಿ ಒಪ್ಪಿರ್ತಾರೆ ಅನ್ನೋ ಅರ್ಥ ಅದ್ರೊಳಗೆ ಕೂತಿದೆ. ಆನೆ ಎಲ್ಲಿ ಒಪ್ತು, ಮಂಜಲ್ಲಿ ನಡೆಯೋ ಆ ಅಕ್ಕ ಎಲ್ಲಿ ಒಪ್ಪಿದ್ರು?

‘ಸಂಘರ್ಷ’ ತಗೊಳ್ಳಿ. ಇದು ಜಗಳ, ಹೋರಾಟ ಅನ್ನೋ ಅರ್ಥಕ್ಕೇ ನಿಂತುಬಿಟ್ಟಿದೆ, ಆದ್ರೆ ಮೂಲದಲ್ಲಿ ಉಜ್ಜೋದು, ತಿಕ್ಕೋದು ಅಂತಲ್ವಾ, ವಿಜ್ಞಾನದ ಪಾಠದಲ್ಲಿ ಬರೋ ‘ಘರ್ಷಣೆ’ ಅದೇ ತಾನೆ. ಆ ಹಳೇ ಅರ್ಥ ನಮ್ಮ ಕಡೆಗೆ ಎಷ್ಟು ಸರಿ ಹೊಂದುತ್ತೆ ನೋಡಿ. ಒಂದು ಕಡೆ ನಾಗರಹೊಳೆ ಕಾಡು, ಇನ್ನೊಂದು ಕಡೆ ಮಾಲ್ದಾರೆ, ತಿತಿಮತಿ, ಪಾಲಿಬೆಟ್ಟದ ತೋಟಗಳು, ಎರಡರ ಅಂಚೂ ಒಂದಕ್ಕೊಂದು ತಿಕ್ತಾನೇ ಇರುತ್ತೆ. ತೋಟ ಅಂದ್ರೂ ನಮ್ದು ನೆರಳಿನ ತೋಟ, ಹಲಸು, ಅತ್ತಿ, ಮತ್ತಿ, ಬೀಟೆ ಎಲ್ಲಾ ಇರುತ್ತೆ, ಕೆರೇಲಿ ಬೇಸಿಗೇಲೂ ನೀರಿರುತ್ತೆ, ಆನೆ ಕಣ್ಣಿಗೆ ಅದೂ ಕಾಡೇ. ಇಲ್ಲಿ ಯಾರ ಮೇಲೂ ಯಾರೂ ಯುದ್ಧ ಸಾರಿಲ್ಲ. ಆದ್ರೆ ಬೋರ್ಡ್ ಓದೋನಿಗೆ ಈ ವ್ಯುತ್ಪತ್ತಿ ಹೇಳೋಕೆ ಯಾರು ನಿಂತಿರ್ತಾರೆ, ಅವನಿಗೆ ಜಗಳ ಅಂತಲೇ ಕೇಳ್ಸೋದು.

‘ಹಾವಳಿ’ ಊರಲ್ಲಿ ಎಲ್ರೂ ಆಡೋ ಮಾತು. ಆನೆ ಹಾವಳಿ, ಕಾಡುಹಂದಿ ಹಾವಳಿ, ಮಂಗನ ಹಾವಳಿ. ಕಳ್ಳರದ್ದೂ ಹಾವಳಿನೇ, ನೆರೆದ್ದೂ ಹಾವಳಿನೇ. ನಷ್ಟ ಅನುಭವಿಸಿದವನ ಮಾತು ಅದು, ಸುಳ್ಳಲ್ಲ. ಭತ್ತ ಕಾಯೋಕಾಗದೆ ಗದ್ದೆನೇ ಪಾಳು ಬಿಟ್ಟೋರು ನಮ್ಮಲ್ಲಿದಾರೆ, ಕೈಲ್‌ಪೊಳ್ದ್ ಅನ್ನೋ ಕೊಡವರ ಹಬ್ಬದ ದಿನ ಕೋವಿ ಪೂಜೆ ಮಾಡೋದಕ್ಕೂ ನಾಟಿ ಮುಗಿದ ಮೇಲೆ ಬೆಳೆ ಕಾಯೋ ಕಾಲ ಬಂತು ಅನ್ನೋದಕ್ಕೂ ಸಂಬಂಧ ಇದೆ ಅಂತ ಹಿರಿಯರು ಹೇಳ್ತಿದ್ರು, ಅಂದ್ರೆ ಈ ಕಾವಲು ನಿನ್ನೆ ಮೊನ್ನೆದಲ್ಲ. ಆದ್ರೆ ಹಾವಳಿ ಅಂದ್ಕೂಡ್ಲೇ ಓಡಿಸ್ಬೇಕು, ಹಿಡೀಬೇಕು ಅನ್ನೋದಷ್ಟೇ ಉಳಿಯುತ್ತೆ. ಪೇಪರಲ್ಲಿ ಬರೋ ‘ಪುಂಡಾನೆ’ನೂ ಹಾಗೇ. ಗಂಡಾನೆ ಪ್ರಾಯಕ್ಕೆ ಬಂದ್ರೆ ಹುಟ್ಟಿದ ಗುಂಪು ಬಿಟ್ಟು ಒಂಟಿಯಾಗಿ ತಿರುಗೋದು ಅದ್ರ ಸಹಜ ಸ್ವಭಾವ. ‘ಸಲಗ’ ಅನ್ನೋ ಒಳ್ಳೇ ಪದ ಇರೋವಾಗ ಒಂಟಿಯಾಗಿ ಕಂಡಿದ್ದಕ್ಕೆಲ್ಲ ಪುಂಡ ಅನ್ನೋದು ನಂಗೆ ಹಿಡಿಸಲ್ಲ.

ಇನ್ನೊಂದು ‘ಪರಿಹಾರ’. ಸಮಸ್ಯೆ ಬಗೆಹರಿಯೋದೂ ಪರಿಹಾರ, ನಷ್ಟಕ್ಕೆ ಕೊಡೋ ದುಡ್ಡೂ ಪರಿಹಾರ. ಎರಡಕ್ಕೂ ಒಂದೇ ಪದ ಆಗಿ ನಮ್ಗೆ ಎಷ್ಟು ತೊಂದ್ರೆ ಆಗಿದೆ ಅಂದ್ರೆ, ಚೆಕ್ ಬಂದ್ರೆ ವಿಷಯ ಮುಗೀತು ಅಂತ ಆಫೀಸಿನೋರೂ ಅಂದ್ಕೊತಾರೆ, ಊರೋರೂ ಅಂದ್ಕೊತಾರೆ, ಆನೆ ಮಾತ್ರ ಮುಂದಿನ ಹಲಸಿನ ಕಾಲಕ್ಕೆ ಅದೇ ದಾರೀಲಿ ಬರುತ್ತೆ. ಬೋರ್ಡಲ್ಲಿ ದುಡ್ಡಿಗೆ ‘ನಷ್ಟದ ಹಣ’ ಅಂತಲೇ ಬರೀತೀನಿ, ಇದಕ್ಕೆ ಯಾರ್ದೂ ತಕರಾರಿರಲ್ಲ ಅನ್ಕೊಂಡಿದೀನಿ.

ಈಗ ನನ್ನ ಮನಸ್ಸಲ್ಲಿರೋ ಪದ: ನೆರೆ. ಪಕ್ಕದ ಮನೆಯೋರ ಜೊತೆ ನಾವು ಹೇಗಿರ್ತೀವಿ? ಬೇಲಿ ಇರುತ್ತೆ, ಗಡಿ ಇರುತ್ತೆ, ಒಂದೊಂದ್ಸಲ ಜೋರು ಜಗಳನೂ ಆಗುತ್ತೆ, ಆದ್ರೆ ಅವ್ರು ಅಲ್ಲೇ ಇರ್ತಾರೆ ಅನ್ನೋದನ್ನ ಒಪ್ಕೊಂಡೇ ನಮ್ಮ ದಿನ ಶುರುವಾಗುತ್ತೆ, ಅವ್ರ ಬರೋ ಹೋಗೋ ಹೊತ್ತು ನಮ್ಗೆ ಗೊತ್ತಿರುತ್ತೆ. ಆನೆ ವಿಷಯದಲ್ಲಿ ಬೇಕಿರೋದೂ ಅದೇ. ತಮಿಳುನಾಡಿನ ವಾಲ್ಪಾರೈಲಿ ಟೀ ತೋಟದೋರಿಗೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಕಳ್ಸೋದು, ಆನೆ ಹತ್ರ ಇದ್ರೆ ಎತ್ತರದ ಜಾಗದಲ್ಲಿ ಕೆಂಪು ಲೈಟ್ ಹಚ್ಚೋದು ಮಾಡಿದ್ರು. ಅಲ್ಲಿ ಯಾರೂ ಆನೆ ಜೊತೆ ಸ್ನೇಹ ಮಾಡ್ಲಿಲ್ಲ, ಅದು ಎಲ್ಲಿದೆ ಅಂತ ತಿಳ್ಕೊಂಡ್ರು ಅಷ್ಟೇ. ನಮ್ಮಲ್ಲೂ ವಾಟ್ಸಾಪಲ್ಲಿ “ಕೆರೆ ಹತ್ರ ಮೂರಿದೆ, ಮರಿನೂ ಇದೆ” ಅಂತ ಬಂದ ದಿನ ಕೆಲ್ಸ ಒಂದು ಗಂಟೆ ತಡವಾಗಿ ಶುರು ಮಾಡ್ತೀವಿ. ನಂಗೆ ಇದು ನೆರೆಯೋರ ನಡವಳಿಕೆ ಅನ್ಸುತ್ತೆ. ಹಲಸಿನ ವಾಸನೆಗೆ ಆನೆ ಬರುತ್ತೆ ಅಂತ ಎಳೇಕಾಯನ್ನೇ ಕಿತ್ತು ಹೂಳೋರಿದಾರೆ, ಮರನೇ ತೆಗ್ದು ಸಿಲ್ವರ್ ಓಕ್ ಹಾಕಿದೋರೂ ಇದಾರೆ, ಅವ್ರ ಕಷ್ಟ ನಂಗೆ ಅರ್ಥ ಆಗುತ್ತೆ, ಆದ್ರೆ ಹಾಗೆ ಮಾಡಿದಾಗ ಮಂಗಟ್ಟೆ ಹಕ್ಕಿ, ಜೇನು, ಅತ್ತಿ ಹಣ್ಣು ತಿನ್ನೋ ನೂರು ಜೀವ ಆ ಜಾಗ ಬಿಟ್ಟು ಹೋಗುತ್ತೆ.

ಹಾಗಾಗಿ “ಆನೆ ನಮ್ಮ ನೆರೆ” ಅಂತ ಬರೆದು ಚಿಕ್ಕಪ್ಪಂಗೆ ತೋರಿಸ್ದೆ. ಅವ್ರು ಓದಿದ ಕೂಡ್ಲೇ, “ನೆರೆ ಅಂದ್ರೆ ಇಲ್ಲಿ ಯಾರಿಗೂ ಪಕ್ಕದ್ಮನೆ ನೆನಪಾಗಲ್ಲ ಮಗಾ, 2018 ನೆನಪಾಗುತ್ತೆ” ಅಂದ್ರು. ಸರಿಯಾದ ಮಾತು. ಆ ಆಗಸ್ಟಲ್ಲಿ ಪ್ರವಾಹ ಬಂದು, ಗುಡ್ಡ ಕುಸಿದು ಮನೆ ತೋಟ ಕಳ್ಕೊಂಡೋರು ಜಿಲ್ಲೆ ತುಂಬ ಇದಾರೆ, ಅವ್ರ ಎದುರಿಗೆ ‘ನೆರೆ’ ಅಂತ ದಪ್ಪಕ್ಷರದಲ್ಲಿ ಬರೆಯೋಕೆ ನಂಗೂ ಮನಸ್ಸಿಲ್ಲ. ‘ನೆರೆಹೊರೆ’ ಅಂದ್ರೆ ಆ ಗೊಂದಲ ಇರಲ್ಲ, ಆದ್ರೆ ಅದಕ್ಕೆ ಅವ್ರು, “ಹೊರೆ ನಮ್ಮ ತಲೆ ಮೇಲೆ ಮಾತ್ರ ಬಂದಿದೆ” ಅಂದ್ರು. ಇಲ್ಲಿರೋ ‘ಹೊರೆ’ಗೆ ಭಾರ ಅನ್ನೋ ಅರ್ಥ ಇಲ್ಲ, ಪಕ್ಕ, ಸಮೀಪ ಅಂತ ನಾನು ಹೇಳ್ದೆ, ಆದ್ರೆ ಅವ್ರು ಹೇಳಿದ್ದು ವ್ಯಾಕರಣ ಅಲ್ಲವಲ್ಲ.

ಈಗ ನನ್ನ ಪ್ರಶ್ನೆ. ಸಕಲೇಶಪುರ, ಆಲೂರು, ಚಾಮರಾಜನಗರದ ಕಡೆಯೋರು ಇದ್ರೆ ದಯವಿಟ್ಟು ಹೇಳಿ, ಕಾಡುಪ್ರಾಣಿ ಪಕ್ಕದಲ್ಲೇ ಬದುಕೋದಕ್ಕೆ ನಿಮ್ಮ ಊರಿನ ಹಿರಿಯರು ಬಾಯಲ್ಲಿ ಆಡೋ ಪದ ಏನು, ಬೈಗುಳ ಆದ್ರೂ ಪರ್ವಾಗಿಲ್ಲ. ‘ನೆರೆಬಾಳು’ ಅಂತ ಸೇರಿಸಿ ಬರೆದ್ರೆ ನೆರೆ ಅಂದ್ರೆ ಪ್ರವಾಹ ಅನ್ನೋ ಅರ್ಥ ಹಿಂದೆ ಸರಿಯುತ್ತಾ, ಅಥವಾ “ಆನೆ ಪಕ್ಕದಲ್ಲಿ ಬದುಕು” ಅಂತ ನೇರ ಬರೆದುಬಿಡ್ಲಾ? ಬೋರ್ಡ್ ಬರೆಯೋರು ಶುಕ್ರವಾರ ಬರ್ತಾರೆ, ಅದಕ್ಕೆ ಮುಂಚೆ ಆ ಅಕ್ಕಂಗೆ ಇನ್ನೊಂದ್ಸಲ ಓದಿ ತೋರಿಸ್ಬೇಕು ಅಂತಿದೀನಿ.